ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಕನ್ನಡದಲ್ಲಿ ವಿವರ ಕೊಡಿ

ಮಾನ್ಯರೆ,

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ, ಬಾಯಿಯಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಬಾಗುವ ಕೊಳವೆ) ಇಳಿಸಿ ಮಾಡುವ ಸಾಮಾನ್ಯ ಇಆರ್‌ಸಿಪಿಯಿಂದ ಅದನ್ನು ತೆಗೆಯುವುದು ಬಹಳ ಕಷ್ಟ. ಜಠರದ ಬಹುಭಾಗ ಆಹಾರದ ದಾರಿಯಿಂದ ಬೇರ್ಪಟ್ಟಿರುತ್ತದೆ; ಬಾಯಿಯಿಂದ ಇಳಿಸಿದ ಎಂಡೋಸ್ಕೋಪ್ ಸಣ್ಣಕರುಳನ್ನು ಒಂದು ಮೀಟರಿಗೂ ಹೆಚ್ಚು ಸುತ್ತಿಕೊಂಡು ಪಿತ್ತನಾಳದ ಬಾಯಿಗೆ ಬರಬೇಕು. ಅಷ್ಟು ಉದ್ದ ಅದಕ್ಕಿಲ್ಲ. ಲ್ಯಾಪರೊಸ್ಕೋಪಿ (ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ನೆರವಿನಿಂದ, ಬೇರ್ಪಟ್ಟ ಜಠರಕ್ಕೆ ರಂಧ್ರ ಮಾಡಿ ಅಲ್ಲಿಂದಲೇ ಎಂಡೋಸ್ಕೋಪ್ ಇಳಿಸುವುದು ಹೆಚ್ಚು ಭರವಸೆಯ ವಿಧಾನ. ತೂಕ ಇಳಿಸಲು ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಆದವರಿಗೆ ಈ ತೊಡಕಿಲ್ಲ.

ಆದರೆ ತಮಗೆ ಆಗಿರುವುದು ಇವೆರಡರಲ್ಲಿ ಯಾವುದೆಂದು ಎಷ್ಟೋ ರೋಗಿಗಳಿಗೆ ಗೊತ್ತೇ ಇರುವುದಿಲ್ಲ. ಪಿತ್ತನಾಳದ ಸೋಂಕಿನಿಂದ ಜ್ವರ, ನಡುಕ, ಕಾಮಾಲೆಯೊಂದಿಗೆ ರಾತ್ರಿ ದಾಖಲಾದವರ ವಿಷಯದಲ್ಲಿ ಹಳೆಯ ಕಡತ ಹುಡುಕುತ್ತ ಕೂರಲಾಗದು. ಮೈಸೂರು, ಮಂಡ್ಯದ ಆಸ್ಪತ್ರೆಗಳು ಬಿಡುಗಡೆಯ ದಿನವೇ ಶಸ್ತ್ರಚಿಕಿತ್ಸೆಯ ಹೆಸರು, ಬೈಪಾಸ್ ಮಾಡಿದ ಕರುಳಿನ ಅಳತೆ, ಪಿತ್ತಕೋಶ ಉಳಿದಿದೆಯೇ ಎಂಬುದನ್ನು ಕನ್ನಡದಲ್ಲಿ ಬರೆದ ಕಾರ್ಡ್ ಕೊಡಲಿ.

– ಓದುಗ ವೈದ್ಯ, ಸರಸ್ವತಿಪುರಂ, ಮೈಸೂರು