ಬೊಮ್ಮನ ಹೆಸರಲ್ಲಿ ಒಂದು ಬೋರ್ಡಾದರೂ ಬೇಡವೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕೇರಳದ ಚೇಂದಮಂಗಲಕ್ಕೆ ಹೋಗಿದ್ದೆವು. ನಿಜ ಹೇಳಬೇಕೆಂದರೆ ಹೋಗಿದ್ದು ಅಲ್ಲಿನ ಕೈಮಗ್ಗದ ಸೀರೆಗೆ. ವ್ಯಾಪಾರ ಮುಗಿದ ಮೇಲೆ ಆಟೋದವರು, ಇಲ್ಲೇ ಜೂದಪ್ಪಳ್ಳಿ ಇದೆ, ನೋಡ್ತೀರಾ ಅಂದರು. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಅಲ್ಲಿನವರು ಹಾಗೇ ಹೇಳುವುದು.

ಊರಿನ ಯಹೂದಿಗಳು 1950ರ ದಶಕದಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಸ್ರೇಲ್‌ಗೆ ಹೊರಟುಹೋದರು. ಹಾಳುಬಿದ್ದ ಪಳ್ಳಿಯನ್ನು ರಿಪೇರಿ ಮಾಡಿ 2006ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಸಣ್ಣದು, ಹತ್ತು ನಿಮಿಷ ಸಾಕು ಅಂದುಕೊಂಡಿದ್ದೆ. ಆದರೆ ಎದುರಿಗೇ ಒಂದು ಸಮಾಧಿ ಕಲ್ಲು ತಡೆದು ನಿಲ್ಲಿಸಿತು. ಹೀಬ್ರೂ ಅಕ್ಷರ, ಇಸ್ರೇಲನ ಮಗಳು ಸಾರಾ, ಇಸವಿ 1269. ನಮ್ಮ ಸೋಮನಾಥಪುರದ ಗುಡಿ ಎದ್ದು ಆಗಿನ್ನೂ ಹತ್ತು ವರ್ಷ ಆಗಿತ್ತೋ ಏನೋ! ಒಳಗೆ ತಲೆಯೆತ್ತಿದರೆ ಮರದ ಮುಚ್ಚಿಗೆ ತುಂಬ ಬಣ್ಣದ ತಾವರೆಗಳು. "ಇದು ನಮ್ಮ ಕಡೆ ದೇವಸ್ಥಾನದ ಥರಾನೇ ಇದೆಯಲ್ರೀ" ಅಂದಳು ನನ್ನಾಕೆ. ಉಪ್ಪರಿಗೆಯಲ್ಲಿ ಹೆಂಗಸರು ಕೂರುವ ಜಾಗ, ಅದರ ಮುಂದೆ, ಕೆಳಗಿನದಲ್ಲದೆ, ಧರ್ಮಗ್ರಂಥ ಓದಲು ಎರಡನೇ ಕಟ್ಟೆ. ಇದು ಕೇರಳದ ಸಿನಗಾಗ್‌ಗಳದ್ದೇ ಪದ್ಧತಿಯಂತೆ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹೊಟ್ಟೆಕಿಚ್ಚಾಯಿತು. ಯಾಕೆಂದರೆ ನಾನು ಮಂಗಳೂರಿನವನು.

ಟ್ಯುನೀಶಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು 1132ರಿಂದ 1149ರವರೆಗೆ, ನಡುವೆ ಒಮ್ಮೆ ಯೆಮನ್‌ನ ಬಂದರು ಏಡನ್‌ಗೆ ಹೋಗಿಬಂದದ್ದು ಬಿಟ್ಟರೆ, ನಮ್ಮ ಕರಾವಳಿಯಲ್ಲೇ ಇದ್ದ. ಕಾಳುಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು, ಏಡನ್‌ನ ಗೆಳೆಯರು ಒಡೆದ ಪಾತ್ರೆ ಹಡಗಿಗೆ ಹಾಕಿ, ಕರಗಿಸಿ ಹೊಸದು ಮಾಡಿಸಿಕೊಡು ಅಂತ ಬರೆಯುತ್ತಿದ್ದರು. ಅಶು ಎಂಬ ಇಲ್ಲಿಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬರೆದದ್ದು. ಆಮೇಲೆ ಅವಳನ್ನೇ ಮದುವೆಯಾದ ಅಂತಾರೆ ವಿದ್ವಾಂಸರು. ಅವನ ವ್ಯವಹಾರಕ್ಕೆ ಏಡನ್‌ವರೆಗೆ ಹೋಗಿಬರುತ್ತಿದ್ದವನು ಅವನ ಆಳು. ಹೆಸರು ಬೊಮ್ಮ! ಇದಕ್ಕಿಂತ ನಮ್ಮದೆನ್ನುವ ಹೆಸರು ಬೇಕಾ?

ಈ ಕಾಗದಗಳೆಲ್ಲ ಸಿಕ್ಕಿದ್ದು ಕೈರೋದ ಹಳೇ ಸಿನಗಾಗ್ ಒಂದರ ಉಗ್ರಾಣದಲ್ಲಿ. ಬರೆದ ಕಾಗದದಲ್ಲಿ ದೇವರ ಹೆಸರಿರಬಹುದು, ಎಸೆಯಬಾರದು ಅಂತ ಯಹೂದಿಗಳ ಪದ್ಧತಿ, ಅದಕ್ಕೆ ತುಂಬಿಟ್ಟಿದ್ದರು. ಆದರೆ ಮಂಗಳೂರಿನಲ್ಲಿ ಇಷ್ಟು ವರ್ಷ ಓಡಾಡಿದರೂ ಬೆನ್ ಯಿಜು ಹೆಸರಿನ ಒಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಸಂಬಂಧಪಟ್ಟವರೊಬ್ಬರಲ್ಲಿ ಹೇಳಿದ್ದಕ್ಕೆ, "ಈಗ ಇಲ್ಲಿ ಯಹೂದಿಗಳು ಎಲ್ಲಿದ್ದಾರೆ ಸಾರ್" ಅಂದರು. ಚೇಂದಮಂಗಲದಲ್ಲಿ ಇದ್ದಾರಾ?

ಸದ್ಯಕ್ಕೆ ಮ್ಯೂಸಿಯಂ ಬೇಡ. ಹಳೇ ಬಂದರಿನ ಹತ್ತಿರ, ಮೀನಿನ ಲಾರಿ ಅಡ್ಡ ಬಾರದ ಕಡೆ, ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ. ಬೆನ್ ಯಿಜು ಹೆಸರಿನ ಕೆಳಗೆ ಅಶು, ಬೊಮ್ಮ ಇಬ್ಬರ ಹೆಸರನ್ನೂ ಬರೆಸಿ. ಪೇಂಟಿನ ಖರ್ಚು ನಾನು ಕೊಡುತ್ತೇನೆ.

– ಒಬ್ಬ ಓದುಗ, ಮಂಗಳೂರು