ಪ್ರೈಮೇಟ್ ಸೆಂಟರ್ ಕೆಲಸಕ್ಕೆ ಅರ್ಜಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಡೇವಿಸ್‌ನ ಪ್ರೈಮೇಟ್ ಸೆಂಟರ್‌ನಲ್ಲಿ (ಕೋತಿಗಳ ಮೇಲೆ ಸಂಶೋಧನೆ ನಡೆಸುವ ಕೇಂದ್ರ) ಸ್ಟೂಡೆಂಟ್ ಅಸಿಸ್ಟೆಂಟ್ ಕೆಲಸದ ಬಗ್ಗೆ ಮೂರ್ನಾಲ್ಕು ಜನ ಕೇಳಿದ್ದೀರಿ, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಟಿಬಿ ಪರೀಕ್ಷೆ. ನಮ್ಮಿಂದ ಕೋತಿಗಳಿಗೆ ಕ್ಷಯ, ದಡಾರ ಹರಡಬಹುದು, ಅದಕ್ಕೆ ಇಷ್ಟು ಬಿಗಿ. ಚಿಕ್ಕಂದಿನಲ್ಲಿ ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಿಗೆ ಟಿಬಿ ಇಲ್ಲದಿದ್ದರೂ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆ ಮಾಡ್ತೀರಾ ಅಂತ ಮೊದಲೇ ಕೇಳಿ. ದಡಾರದ ಲಸಿಕೆಯ ದಾಖಲೆಯನ್ನು ಊರಿಂದ ಈಗಲೇ ತರಿಸಿಕೊಳ್ಳಿ.

ಅಲ್ಲಿರುವುದು ಜಾಸ್ತಿ ರೀಸಸ್ ಕೋತಿಗಳು, ನಮ್ಮೂರ ಮಂಗಗಳ ಹತ್ತಿರದ ನೆಂಟರು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಜಗಳಕ್ಕೆ ಕರೆದ ಹಾಗೆ. ಅವುಗಳಲ್ಲಿ ಬಿ ವೈರಸ್ ಇರಬಹುದು. ಅವಕ್ಕೆ ಅಷ್ಟೇನೂ ತೊಂದರೆಯಿಲ್ಲ, ನಮಗೆ ಪ್ರಾಣಾಪಾಯ. 1997ರಲ್ಲಿ ಅಟ್ಲಾಂಟಾದ ಯರ್ಕಿಸ್ ಪ್ರೈಮೇಟ್ ಕೇಂದ್ರದಲ್ಲಿ ಕೋತಿಯ ಮೈಯಿಂದ ಕಣ್ಣಿಗೆ ಹನಿ ಸಿಡಿದು ಇದೇ ವೈರಸ್ ತಗುಲಿ 22 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ತೀರಿಕೊಂಡರು. ಹಾಗಾಗಿ ಸೆಖೆ ಅಂತ ಮುಖದ ಶೀಲ್ಡ್ ತೆಗೆಯಬೇಡಿ. ಕೋತಿ ಪರಚಿದರೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಕಣ್ಣಿಗೆ ಸಿಡಿದರೆ ಅಷ್ಟೇ ಹೊತ್ತು ನೀರು ಬಿಡಿ, ತಕ್ಷಣ ಸೂಪರ್‌ವೈಸರ್‌ಗೆ ಹೇಳಿ. ಚಿಕ್ಕ ಗೀರು ಅಲ್ವಾ ಅಂತ ಬಿಡಬೇಡಿ.

ಎಫ್-1 (ವಿದ್ಯಾರ್ಥಿ) ವೀಸಾದವರ ಕೆಲಸ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದಾಟುವ ಹಾಗಿಲ್ಲ.