ಷರತ್ತು ತಿಳಿಸದ ಶಾಂತಿ ಘೋಷಣೆ

ಮಾನ್ಯ ಸಂಪಾದಕರೇ,

ಎರಡು ದೇಶಗಳ ನಡುವಣ ಕದನ ವಿರಾಮವನ್ನು ಹೋರಾಡುತ್ತಿರುವವರಿಗಿಂತ ಮೊದಲು ಮೂರನೆಯವರು ಸಾಮಾಜಿಕ ಜಾಲತಾಣದಲ್ಲಿ ಸಾರುವುದು ಈಗ ರೂಢಿಯಾಗುತ್ತಿದೆ. ನಮ್ಮ ಪತ್ರಿಕೆಗಳೂ ವಾಹಿನಿಗಳೂ ಆ ಸಾರುವಿಕೆಯನ್ನೇ ಪೂರ್ಣ ಸುದ್ದಿಯೆಂದು ಒಪ್ಪಿಕೊಳ್ಳುತ್ತಿರುವುದು ನನ್ನ ಕಳವಳಕ್ಕೆ ಕಾರಣ.

ಆಪರೇಷನ್ ಸಿಂಧೂರದ ದಿನಗಳಲ್ಲಿ, ವಾಯುಪಡೆಯ ತರಬೇತಿ ನೆಲೆಯಿರುವ ನಮ್ಮ ಬೀದರ್‌ನಲ್ಲಿ, ಅದರಲ್ಲೂ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳಲ್ಲಿ, ಎಷ್ಟು ಆತಂಕವಿತ್ತೆಂಬುದನ್ನು ಕಂಡಿದ್ದೇವೆ. 2025ರ ಮೇ 10ರ ಸಂಜೆ ಆ ಮನೆಗಳಿಗೆ ಮೊದಲು ತಲುಪಿದ್ದು ಡೊನಾಲ್ಡ್ ಟ್ರಂಪ್ ಅವರು ಟ್ರೂತ್ ಸೋಷಿಯಲ್‌ನಲ್ಲಿ ಬರೆದ ಮಾತು: ಅಮೆರಿಕದ ಮಧ್ಯಸ್ಥಿಕೆಯಲ್ಲಿ ರಾತ್ರಿಯಿಡೀ ಮಾತುಕತೆ ನಡೆದು ಭಾರತ ಮತ್ತು ಪಾಕಿಸ್ತಾನ ಪೂರ್ಣ ಕದನ ವಿರಾಮಕ್ಕೆ ಒಪ್ಪಿವೆ ಎಂಬುದು. ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರ ಹೇಳಿಕೆ ಬಂದದ್ದು ಆಮೇಲೆ. ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಮಧ್ಯಾಹ್ನ 3.35ಕ್ಕೆ ನಮ್ಮ ಮಹಾನಿರ್ದೇಶಕರಿಗೆ ದೂರವಾಣಿ ಕರೆ ಮಾಡಿದರೆಂದೂ, ಸಂಜೆ 5 ಗಂಟೆಯಿಂದ ಗುಂಡಿನ ದಾಳಿ ನಿಲ್ಲಿಸಲು ಇಬ್ಬರೂ ಒಪ್ಪಿದರೆಂದೂ ಅವರು ತಿಳಿಸಿದರು. ಅಮೆರಿಕದ ನಾಯಕರು ಎರಡೂ ಕಡೆಯವರೊಡನೆ ಮಾತನಾಡಿದ್ದು ನಿಜ. ಆದರೆ ಮೂರನೆಯವರ ಮಧ್ಯಸ್ಥಿಕೆಯನ್ನು ಭಾರತ ಅಂದಿನಿಂದಲೂ ಅಲ್ಲಗಳೆಯುತ್ತ ಬಂದಿದೆ. ಆ ನಿಲುವಿನ ಹಿಂದೆ, ಭಿನ್ನಾಭಿಪ್ರಾಯಗಳನ್ನು ಉಭಯ ದೇಶಗಳೇ ಬಗೆಹರಿಸಿಕೊಳ್ಳಬೇಕೆನ್ನುವ 1972ರ ಶಿಮ್ಲಾ ಒಪ್ಪಂದವಿದೆ. ಮೇ 10ರ ರಾತ್ರಿಯೇ ಕದನ ವಿರಾಮ ಮುರಿದ ಬಗ್ಗೆ ಮಿಸ್ರಿ ಅವರು ಮತ್ತೆ ಮಾಧ್ಯಮಗಳ ಮುಂದೆ ಬರಬೇಕಾಯಿತು.

ಮೊದಲು ಬರೆದವರಿಗೆ ಸಿಗುವ ಲಾಭ ಸಣ್ಣದಲ್ಲ. ಓದುಗರ ಮನಸ್ಸಿನಲ್ಲಿ ಕೀರ್ತಿ ಯಾರದೆಂಬುದು ಅಲ್ಲಿಗೇ ತೀರ್ಮಾನವಾಗಿ, ನಂತರ ಬರುವ ಅಧಿಕೃತ ಹೇಳಿಕೆ ಬರೀ ತಕರಾರಿನಂತೆ ಕೇಳಿಸುತ್ತದೆ. 1978ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್ ಮತ್ತು ಇಸ್ರೇಲಿನ ನಾಯಕರನ್ನು 13 ದಿನ ಪತ್ರಕರ್ತರಿಂದ ದೂರವಿರಿಸಿ ಮಾತುಕತೆ ನಡೆಸಿದ್ದರು. ಹೊರಗೆ ಆಡಿದ ಮಾತಿಗೆ ಅಂಟಿಕೊಂಡ ನಾಯಕನಿಗೆ ಒಳಗೆ ರಾಜಿಯಾಗುವುದು ಕಷ್ಟವೆಂಬ ಅರಿವು ಅವರಿಗಿತ್ತು.

ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ವಿಷಯದಲ್ಲಿ ಆದದ್ದನ್ನೂ ಗಮನಿಸಬೇಕು. 2025ರ ಜುಲೈ 28ರಂದು ಮಲೇಷ್ಯಾದಲ್ಲಿ ಕದನ ವಿರಾಮವಾಯಿತು. ಅಕ್ಟೋಬರ್‌ನಲ್ಲಿ ಕೌಲಾಲಂಪುರದಲ್ಲಿ ಟ್ರಂಪ್ ಅವರ ಸಮ್ಮುಖದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನವೆಂಬರ್‌ನಲ್ಲಿ ನೆಲಬಾಂಬ್ ಸ್ಫೋಟಿಸಿ ಸೈನಿಕರು ಗಾಯಗೊಂಡಾಗ ಥಾಯ್ಲೆಂಡ್ ಅದನ್ನು ಅಮಾನತಿನಲ್ಲಿಟ್ಟಿತು, ಡಿಸೆಂಬರ್‌ನಲ್ಲಿ ಗಡಿಯಲ್ಲಿ ಮತ್ತೆ ಕಾಳಗ ನಡೆಯಿತು. ಸಹಿಯ ಚಿತ್ರ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತ್ತು. ಮನೆ ಬಿಟ್ಟು ಓಡಿದ ಗಡಿಯ ಜನರ ಸುದ್ದಿ ಆ ಗುಂಪುಗಳಿಗೆ ಬರಲೇ ಇಲ್ಲ.

ಬಹಿರಂಗ ಘೋಷಣೆಯಿಂದ ಎರಡೂ ಕಡೆಯವರನ್ನು ಮಾತಿಗೆ ಕಟ್ಟಿಹಾಕಬಹುದೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಾಗಬೇಕಾದರೆ ಏನಕ್ಕೆ ಒಪ್ಪಿದ್ದಾರೆ, ಮುರಿದರೆ ಯಾರು ಕೇಳುತ್ತಾರೆ ಎಂಬುದು ಜನರಿಗೆ ಗೊತ್ತಿರಬೇಕು. ಆದ್ದರಿಂದ ಇಂತಹ ಸಂದೇಶವನ್ನು ತಲೆಬರಹಕ್ಕೆ ಏರಿಸುವಾಗ ಅದು ಯಾರ ಹೇಳಿಕೆಯೆಂದು ತಲೆಬರಹದಲ್ಲೇ ತಿಳಿಸಿ, ಸಂಬಂಧಿಸಿದ ಎರಡೂ ಸರ್ಕಾರಗಳ ಮಾತನ್ನು ಅದರ ಪಕ್ಕದಲ್ಲೇ ಮುದ್ರಿಸಬೇಕು. ತಿಂಗಳ ನಂತರ ಆ ಕದನ ವಿರಾಮ ಉಳಿದಿದೆಯೇ ಎಂಬುದನ್ನೂ ಮೊದಲ ಪುಟದಲ್ಲೇ ವರದಿ ಮಾಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಬೀದರ್